ರುದ್ರಸ್ವಾಮಿಯವರ ಮನೆಗೆ ಸೀಟು ಬಂದದ್ದು

ಮೈಸೂರಿನ ಸರಸ್ವತಿಪುರಂನ ರುದ್ರಸ್ವಾಮಿಯವರು ಬಹಳ ನಯವಂತರು. ಅವರ ನಯ ಎಂಥದೆಂದರೆ, ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಸೂಪರಿಂಟೆಂಡೆಂಟ್ ಆದರೂ ಅಲ್ಲಿ ಒಂದು ದಿನವೂ ಬಾಯಿಬಿಟ್ಟು ‘ಕಕ್ಕಸು’ ಎಂದವರಲ್ಲ. ಅರ್ಜೆಂಟಾದರೆ ‘ಒಂದ್ನಿಮಿಷ ಆ ಕಡೆ ಹೋಗಿ ಬಂದೆ’ ಎಂದು ಏಳುತ್ತಿದ್ದರು. ‘ಆ ಕಡೆ’ ಎಂದರೆ ರೆಕಾರ್ಡ್ ರೂಮು ಎಂದು ತಿಳಿದ ಹೊಸ ಗುಮಾಸ್ತರೊಬ್ಬರು ಒಮ್ಮೆ ಮೂರು ಫೈಲು ಹಿಡಿದು ಅವರ ಬೆನ್ನು ಹತ್ತಿ, ಬಾಗಿಲು ಮುಖದ ಮೇಲೆ ಮುಚ್ಚಿಕೊಳ್ಳುವ ತನಕ ಹೋಗಿದ್ದುಂಟು.

ಇಂಥ ನಯವಂತರ ಮನೆಯಲ್ಲಿ ಇದ್ದದ್ದು ಒಂದೇ ಕಕ್ಕಸು. ನೆಲಮಟ್ಟದ್ದು, ಅವರ ತಂದೆಯ ಕಾಲದ್ದು. ಜುಲೈ ತಿಂಗಳ ಒಂದು ಬೆಳಿಗ್ಗೆ ಅದರಲ್ಲಿ ಕೂತ ರುದ್ರಸ್ವಾಮಿಯವರಿಗೆ ಏಳಲಾಗಲಿಲ್ಲ. ಐವತ್ನಾಲ್ಕರ ಮಂಡಿಗಳು ಮುಷ್ಕರ ಹೂಡಿದವು. ಆಸರೆಗೆಂದು ಎದುರಿನ ನಲ್ಲಿ ಹಿಡಿದು ಜಗ್ಗಿದರು. ನಲ್ಲಿ ಕೈಗೆ ಬಂತು. ಅದರ ಹಿಂದೆ ನೀರೂ ಬಂತು. ಕೈಯಲ್ಲಿ ನಲ್ಲಿ ಹಿಡಿದು ತೊಪ್ಪೆಯಾಗಿ ಹೊರಬಂದ ಗಂಡನನ್ನು ನೋಡಿದ ಪಾರ್ವತಮ್ಮ, ಇನ್ನು ಈ ಮನೆಯಲ್ಲಿ ವೆಸ್ಟರ್ನ್ ಟೈಪು ಹಾಕಿಸದೆ ವಿಧಿಯಿಲ್ಲ ಎಂದು ತೀರ್ಪು ಕೊಟ್ಟರು.

ಆದರೆ ರುದ್ರಸ್ವಾಮಿಯವರ ತಾಯಿ ಸೋಮಮ್ಮನವರು ಅದನ್ನು ಒಪ್ಪಲಿಲ್ಲ. ಎಪ್ಪತ್ತೊಂಬತ್ತರ ಆ ಜೀವ ದಿನಕ್ಕೆ ನಾಲ್ಕು ಸಲ ಕುಕ್ಕುರುಗಾಲಲ್ಲಿ ಕೂತು ಯಾರ ಹಂಗೂ ಇಲ್ಲದೆ ಏಳುತ್ತಿತ್ತು. “ಕುರ್ಚಿ ಮ್ಯಾಲೆ ಕೂತ್ಕೊಂಡು ಮಾಡಾದಿಕ್ಕೆ ಅದೇನು ಆಪೀಸು ಕೆಲ್ಸನೇನಪ್ಪ?” ಎಂದು ಮಗನನ್ನು ಕೇಳಿದರು. ಕಚೇರಿಯಲ್ಲಿ ಕೂತು ತಾವು ಮಾಡುತ್ತಿದ್ದ ಕೆಲಸದ ಬಗ್ಗೆಯೇ ಮಗನಿಗೆ ಅಂಥ ಭರವಸೆಯೇನೂ ಇರಲಿಲ್ಲ.

ಅತ್ತೆ ಸೊಸೆಯರ ನಡುವೆ ರಾಜಿ ಮಾಡಿಸಿದವನು ಪ್ಲಂಬರ್ ಮಂಟಯ್ಯ. ಆಂಗ್ಲೋ ಇಂಡಿಯನ್ ಎಂಬುದೊಂದಿದೆ, ಬೇಕಾದವರು ಕುರ್ಚಿಯ ಹಾಗೆ ಕೂರಬಹುದು, ಬೇಡವಾದವರು ಮೇಲೆ ಹತ್ತಿ ಅಂಚಿನಲ್ಲಿ ಪಾದವಿಟ್ಟು ಕುಕ್ಕರಿಸಬಹುದು ಎಂದು ಫೋನಿನಲ್ಲಿ ಚಿತ್ರ ತೋರಿಸಿದ. “ಅಳೇ ಸೀಟು ಒಡ್ದಾಕ್ಬುಟ್ಟು ಒಸಾ ಸೀಟು ಕೂರಿಸ್ಬುಡಾವ ಸಾ” ಎಂದ.

ರುದ್ರಸ್ವಾಮಿಯವರ ಕಿವಿಗೆ ಬಿದ್ದದ್ದು ಒಂದೇ ಪದ. ಸೀಟು. ಎಂಥ ಶುದ್ಧವಾದ, ಇಸ್ತ್ರಿ ಮಾಡಿದಂಥ ಪದ. ಅದನ್ನು ಹೆಂಗಸರ ಎದುರು ಹೇಳಬಹುದು, ಮೇಲಧಿಕಾರಿಯ ಎದುರು ಹೇಳಬಹುದು, ಊಟ ಮಾಡುತ್ತಾ ಹೇಳಬಹುದು. ಇಷ್ಟು ವರ್ಷ ಇದು ಹೊಳೆಯಲಿಲ್ಲವಲ್ಲ ಎಂದು ಅವರಿಗೆ ಬೇಸರವೇ ಆಯಿತು.

ಆದರೆ ಜುಲೈ ತಿಂಗಳಲ್ಲಿ ಸರಸ್ವತಿಪುರಂನಲ್ಲಿ ಆ ಪದಕ್ಕೆ ಇರುವುದು ಒಂದೇ ಅರ್ಥ, ಮೆಡಿಕಲ್ ಸೀಟು. ನೀಟ್ ಪರೀಕ್ಷೆಯ ಫಲಿತಾಂಶ ಬಂದು, ರಸ್ತೆಗೆರಡು ಟ್ಯುಟೋರಿಯಲ್ ಇರುವ ಆ ಬಡಾವಣೆಯಲ್ಲಿ ಯಾರ ಮಗನಿಗೆ ಸೀಟು, ಯಾರ ಮಗಳಿಗೆ ಇಲ್ಲ ಎಂಬುದರ ಮೇಲೆ ಅವರವರ ಮನೆಗೆ ಕಾಫಿಗೆ ಹೋಗಬೇಕೋ ಬೇಡವೋ ಎಂಬುದು ತೀರ್ಮಾನವಾಗುವ ಕಾಲ ಅದು. ರುದ್ರಸ್ವಾಮಿಯವರ ಮಗಳು ನಿಶ್ಚಿತಾ ಕೂಡ ಪರೀಕ್ಷೆ ಬರೆದಿದ್ದಳು. ಸೀಟು ಸಿಗುವಂಥ ರ‍್ಯಾಂಕ್ ಬರಲಿಲ್ಲ. ಅವಳು ಅದಕ್ಕಾಗಿ ಅತ್ತೂ ಇರಲಿಲ್ಲ. ಗಿಡಮರದ ಹುಚ್ಚಿನ ಹುಡುಗಿ, ತಾನಾಗಿಯೇ ಹೋಗಿ ಬಿ.ಎಸ್ಸಿ. ಸೇರಿ ಹದಿನೈದು ದಿನವಾಗಿತ್ತು. ಅಪ್ಪ ಕೇಳಿದವರಿಗೆಲ್ಲ ‘ಪ್ರಯತ್ನ ನಡೀತಾ ಇದೆ’ ಎನ್ನುತ್ತಿದ್ದರು. ಬಿ.ಎಸ್ಸಿ. ಎಂಬ ಪದವೂ ಅವರ ನಾಲಿಗೆಗೆ ಒಗ್ಗಿರಲಿಲ್ಲ.

ಮಂಟಯ್ಯ ಹೇಳಿದ್ದನ್ನು ಇನ್ನೊಬ್ಬರಲ್ಲಿ ಖಾತ್ರಿ ಮಾಡಿಕೊಳ್ಳಲು ರುದ್ರಸ್ವಾಮಿಯವರು ಅವತ್ತೇ ಸಂಜೆ ರಸ್ತೆಯ ಕೊನೆಯ ಯೋಗೇಂದ್ರನ ಮನೆಗೆ ಹೋದರು. ಯೋಗೇಂದ್ರ ಹೋದ ವರ್ಷ ಮನೆ ನವೀಕರಿಸಿದ್ದ, ಆ ಅನುಭವ ಇತ್ತು. ಜೊತೆಗೆ ಅವನದೊಂದು ಟ್ಯುಟೋರಿಯಲ್ಲೂ ಇತ್ತು. ನಿಶ್ಚಿತಾ ಓದಿದ್ದು ಅಲ್ಲೇ. ಆ ವರ್ಷ ಅವನ ಟ್ಯುಟೋರಿಯಲ್‌ನಿಂದ ಒಂದು ನರಪಿಳ್ಳೆಗೂ ಸೀಟು ಸಿಕ್ಕಿರಲಿಲ್ಲ.

“ಸೀಟಿನ ವಿಚಾರ ಮಾತಾಡೋಣ ಅಂತ ಬಂದೆ” ಎಂದರು ರುದ್ರಸ್ವಾಮಿ.

ಯೋಗೇಂದ್ರ ಕಾಫಿ ಲೋಟ ಕೆಳಗಿಟ್ಟ. “ಸಿಕ್ತಾ ಸಾರ್?”

“ಸಿಗೋದಕ್ಕೇನು. ಯಾವುದು ತಗೊಳ್ಳೋದು ಅನ್ನೋದೇ ಗೊಂದಲ. ಅಮ್ಮ ಇಂಡಿಯನ್ನೇ ಇರ್ಲಿ ಅಂತಾರೆ, ನಮ್ಮನೆಯವಳು ಫಾರಿನ್ದೇ ಆಗ್ಲಿ ಅಂತಾಳೆ. ಈಗ ಎರಡೂ ಸೇರಿರೋದು ಒಂದು ಬಂದಿದೆಯಂತಲ್ಲ.”

“ಅಂದ್ರೆ ಸ್ವಲ್ಪ ಇಲ್ಲಿ, ಸ್ವಲ್ಪ ಅಲ್ಲಿ?”

“ಕೂರೋರ ಇಷ್ಟ” ಎಂದರು ರುದ್ರಸ್ವಾಮಿ ಸಂಕೋಚದಿಂದ.

ಇಂಥದೊಂದು ಕೋರ್ಸು ಇರುವುದೇ ಗೊತ್ತಿರದಿದ್ದ ಯೋಗೇಂದ್ರ ಅದನ್ನು ತೋರಗೊಡದೆ ಗಂಭೀರವಾಗಿ ತಲೆಯಾಡಿಸಿದ. ಯಾರ ಮೂಲಕ ಎಂದು ಕೇಳಿದ. ದೇವರಾಜ ಮೊಹಲ್ಲಾದಲ್ಲಿ ಒಬ್ಬ ಡೀಲರ್ ಇದ್ದಾನೆ, ಬೇಕಾದ ಹಾಗೆ ತರಿಸಿಕೊಡುತ್ತಾನಂತೆ ಎಂದರು ರುದ್ರಸ್ವಾಮಿ.

“ಈ ಡೀಲರ್‌ಗಳನ್ನ ನಂಬೋ ಹಾಗಿಲ್ಲ ಸಾರ್. ಗ್ಯಾರಂಟಿ ಏನಾದ್ರೂ?”

“ಐದು ವರ್ಷಕ್ಕೆ ಬರ್ಕೊಡ್ತಾರಂತೆ.”

“ಐದೂವರೆ ಆಗ್ಬೇಕಲ್ಲ ಸಾರ್” ಎಂದ ಯೋಗೇಂದ್ರ, ಡಾಕ್ಟರ್ ಓದಿನ ಲೆಕ್ಕದಲ್ಲಿ.

ರುದ್ರಸ್ವಾಮಿಯವರಿಗೆ ಇದು ಹೊಸ ವಿಷಯ. ಇನ್ನಾರು ತಿಂಗಳಿಗೆ ಕೇಳಿ ನೋಡುತ್ತೇನೆ ಎಂದರು. ಫಾರಿನ್ದಾದರೆ ಆಮೇಲೆ ಇಲ್ಲಿ ಮತ್ತೊಂದು ಪರೀಕ್ಷೆ ಪಾಸಾಗಬೇಕು, ಅದರಲ್ಲೇ ಬಹಳ ಜನ ಸೋರಿಹೋಗುತ್ತಾರೆ ಎಂದು ಯೋಗೇಂದ್ರ ಎಚ್ಚರಿಸಿದ. ನೀರಿನ ಪ್ರೆಶರಿನ ಪರೀಕ್ಷೆ ಇರಬೇಕೆಂದುಕೊಂಡ ರುದ್ರಸ್ವಾಮಿಯವರು, ಸೋರುವ ವಿಷಯ ಮಂಟಯ್ಯನಿಗೆ ಮರೆಯದೆ ಹೇಳಬೇಕೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು ಮನೆಗೆ ಬಂದರು. ಇಬ್ಬರು ವಿದ್ಯಾವಂತರು ಅರ್ಧ ಗಂಟೆ ಒಂದೇ ವಿಷಯ ಮಾತಾಡಿದ ತೃಪ್ತಿ ಇಬ್ಬರಿಗೂ ಇತ್ತು.

ಮರುದಿನ ಹತ್ತು ಗಂಟೆಗೆ ಎದುರು ಮನೆಯ ಚಾಮುಂಡೇಶ್ವರಿ ಡಬ್ಬಿಯಲ್ಲಿ ಮೈಸೂರು ಪಾಕು ತಂದರು. ಆಕೆಯ ಮಗ ಸ್ವರೂಪ್ ಮೂರು ವರ್ಷದಿಂದ ನೀಟ್ ಬರೆಯುತ್ತಲೇ ಇದ್ದ. ಸೀಟಿನ ವಿಷಯ ಯೋಗೇಂದ್ರನಿಂದ ತಿಳಿಯಿತು, ಬಹಳ ಸಂತೋಷ ಎಂದರು. ಕಕ್ಕಸು ಬದಲಾಯಿಸುವುದಕ್ಕೆ ಯಾರಾದರೂ ಸಿಹಿ ತರುತ್ತಾರೆಯೇ ಎಂದು ಪಾರ್ವತಮ್ಮನಿಗೆ ಅನ್ನಿಸಿತು. ಆದರೆ ಗೃಹಪ್ರವೇಶಕ್ಕೆ ತರುತ್ತಾರೆ, ಹೊಸ ಸ್ಕೂಟರಿಗೆ ತರುತ್ತಾರೆ, ಕಾಲ ಮುಂದುವರಿದಿದೆ ಎಂದು ಸಮಾಧಾನ ಮಾಡಿಕೊಂಡರು.

“ನೀವು ಅದೃಷ್ಟವಂತರು ಕಣ್ರೀ. ನಮ್ಮ ಸ್ವರೂಪ್‌ನ ನೋಡಿ. ಮೂರು ವರ್ಷದಿಂದ ಕೂತೇ ಇದ್ದಾನೆ, ಏನೇ ಮಾಡಿದ್ರೂ ಆಗ್ತಿಲ್ಲ” ಎಂದು ಚಾಮುಂಡೇಶ್ವರಿ ಕಣ್ಣೊರೆಸಿಕೊಂಡರು.

ಪಾರ್ವತಮ್ಮ ಡಬ್ಬಿ ಪಕ್ಕಕ್ಕಿಟ್ಟು ಹತ್ತಿರ ಸರಿದರು. ಅಂಥ ಎಳೆಯ ವಯಸ್ಸಿಗೆ ಇಂಥ ಕಷ್ಟ. ಧ್ವನಿ ತಗ್ಗಿಸಿ, “ಮಲಗೋವಾಗ ಎರಡು ಬಾಳೆಹಣ್ಣು ಕೊಡಿ. ಬೆಳಿಗ್ಗೆ ಎದ್ದ ತಕ್ಷಣ ಒಂದು ಚೊಂಬು ಬಿಸಿನೀರು. ನಮ್ಮ ನಿಶ್ಚಿತಾಗೂ ಅದನ್ನೇ ಕೊಡ್ತಿದ್ದೆ” ಎಂದರು.

ಇಷ್ಟು ಸುಲಭದ್ದೇ ಎಂದು ಚಾಮುಂಡೇಶ್ವರಿ ಬೆರಗಾದರು. ಹೋಗುವಾಗಲೇ ಗಾಡಿಯವನ ಹತ್ತಿರ ಒಂದು ಚಿಪ್ಪು ಬಾಳೆಹಣ್ಣು ಕೊಂಡರು. ಸಂಜೆ ಹೊತ್ತಿಗೆ ನೀಟ್ ಬರೆಯುವ ಮಕ್ಕಳಿರುವ ಇನ್ನೂ ಮೂರು ಮನೆಗಳಿಗೆ ಆ ಗುಟ್ಟು ಮುಟ್ಟಿತ್ತು.

ಕಚೇರಿಯಲ್ಲಿ ರುದ್ರಸ್ವಾಮಿಯವರು ‘ಸೀಟಿನ ಸಂಬಂಧ’ ಎಂದು ಕಾರಣ ಕೊಟ್ಟು ಶನಿವಾರ ಒಂದು ದಿನ ರಜೆ ಕೇಳಿದರು. ಮೇಲಧಿಕಾರಿ ಮಹದೇವು ಅವರು ಒಂದು ದಿನ ರಜೆ ಕೊಡಲು ನಾಲ್ಕು ದಿನ ಯೋಚಿಸುವವರು. ಅಂಥವರು ಅರ್ಜಿ ಓದಿ, ಎದ್ದು ಬಂದು ಕೈ ಕುಲುಕಿದರು. ಮಧ್ಯಾಹ್ನ ಎಲ್ಲರನ್ನೂ ಸೇರಿಸಿ, ನಿವೃತ್ತರಿಗೆಂದು ತರಿಸಿಟ್ಟಿದ್ದ ಶಾಲು, ಮೈಸೂರು ಪೇಟಗಳನ್ನು ಬೀರುವಿನಿಂದ ತೆಗೆಸಿ ಸನ್ಮಾನವನ್ನೇ ಮಾಡಿಬಿಟ್ಟರು. ರುದ್ರಸ್ವಾಮಿಯವರಿಗೆ ಮೊದಲು ಕಕ್ಕಾಬಿಕ್ಕಿಯಾಯಿತು. ಆಮೇಲೆ, ಶೌಚಾಲಯದ ಬಗ್ಗೆ ಸರ್ಕಾರ ಇಷ್ಟು ವರ್ಷ ಗೋಡೆಗೋಡೆಗೂ ಬರೆಸಿದ ಪ್ರಚಾರ ಕೊನೆಗೂ ಫಲ ಕೊಟ್ಟಿದೆ, ಅದನ್ನು ಅಳವಡಿಸಿಕೊಂಡ ನೌಕರರನ್ನು ಗುರುತಿಸಿ ಎಂದು ಮೇಲಿನಿಂದ ಸುತ್ತೋಲೆ ಬಂದಿರಬೇಕು ಎಂದು ಅರ್ಥ ಮಾಡಿಕೊಂಡರು. ಎರಡು ಮಾತು ಆಡಿ ಎಂದಾಗ ಎದ್ದು ನಿಂತರು.

“ಇದು ನನ್ನೊಬ್ಬನ ನಿರ್ಧಾರ ಅಲ್ಲ. ಮನೆಮಂದಿಯೆಲ್ಲ ಯೋಚನೆ ಮಾಡಿ ತಗೊಂಡಿದ್ದು. ನಮ್ಮ ತಾಯಿಯವರಿಗೆ ವಯಸ್ಸಾಯ್ತು, ನಾಳೆ ಅವರಿಗೆ ಅನುಕೂಲ ಆಗ್ಬೇಕು. ನಿಮಗೂ ಅಷ್ಟೇ. ಯಾವಾಗ ತೊಂದರೆ ಅನ್ನಿಸಿದ್ರೂ ನಮ್ಮನೆಗೆ ಬನ್ನಿ, ಸಂಕೋಚ ಬೇಡ.”

ಮಹದೇವು ಕುರ್ಚಿ ಮುಂದಕ್ಕೆಳೆದುಕೊಂಡರು. “ಫ್ರೀಯಾಗಾ ರುದ್ರಸ್ವಾಮಿ?”

“ಇದಕ್ಕೆಲ್ಲ ಮನೇಲಿ ಯಾರಾದ್ರೂ ದುಡ್ಡು ಇಸ್ಕೋತಾರಾ ಸಾರ್” ಎಂದರು ರುದ್ರಸ್ವಾಮಿ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಸಕ್ಕರೆ ಕಾಯಿಲೆಯ ಇಬ್ಬರು ಗುಮಾಸ್ತರು ಅಲ್ಲೇ ಅವರ ಮನೆಯ ವಿಳಾಸ ಬರೆದುಕೊಂಡರು.

ಶನಿವಾರ ಮಂಟಯ್ಯ ಬಂದು ಹಳೆಯದನ್ನು ಒಡೆದು ಹಾಕಿದ. ಭಾನುವಾರ ಬೆಳಿಗ್ಗೆ ಅಂಗಡಿಯಿಂದ ಹೊಸದು ಬರುತ್ತದೆ, ಅಲ್ಲಿಯ ತನಕ ಅಕ್ಕಪಕ್ಕದಲ್ಲಿ ಎಲ್ಲಾದರೂ ಹೊಂದಿಸಿಕೊಳ್ಳಿ ಎಂದು ಹೇಳಿ ಹೋದ. ಹೊಂದಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಇಡೀ ಬೀದಿಯೇ ಅವರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿತ್ತು.

ಭಾನುವಾರ ಬೆಳಿಗ್ಗೆ ನಿಶ್ಚಿತಾ ಕಾಲೇಜಿನ ಗೆಳತಿಯರ ಜೊತೆ ಎಲೆ ಸಂಗ್ರಹಿಸಲು ಕುಕ್ಕರಹಳ್ಳಿ ಕೆರೆಗೆ ಹೋದಳು. ಅವಳು ಹೋದ ಸ್ವಲ್ಪ ಹೊತ್ತಿಗೆ ಬನ್ನಿಮಂಟಪದಿಂದ ಎರಡು ಕಾರು ಬಂದು ನಿಂತವು. ಇಳಿದವನು ಪಾರ್ವತಮ್ಮನ ತಮ್ಮ ಸಿದ್ದಲಿಂಗಸ್ವಾಮಿ. ಅಕ್ಕಿ ಮಂಡಿಯ ದೊಡ್ಡ ವ್ಯಾಪಾರಿ. ಅಕ್ಕನ ಮನೆಯ ಮೆಟ್ಟಿಲು ತುಳಿದು ನಾಲ್ಕು ವರ್ಷವಾಗಿತ್ತು. ಈಗ ಸೀಟಿನ ಸುದ್ದಿ ಕೇಳಿ ಹೆಂಡತಿ, ಮಕ್ಕಳು, ಹೆಂಡತಿಯ ಅಣ್ಣತಮ್ಮಂದಿರು ಸೇರಿ ಹದಿಮೂರು ಜನ, ಹಾರ, ಹಣ್ಣಿನ ಬುಟ್ಟಿಗಳ ಸಮೇತ ಬಂದಿದ್ದರು. ಅವರ ಹಿಂದೆಯೇ ಯೋಗೇಂದ್ರ ಶಾಮಿಯಾನದವರನ್ನು ಕರೆದುಕೊಂಡು ಬಂದ. ಅಂಗಳದಲ್ಲಿ ಶಾಮಿಯಾನ ಎದ್ದಿತು, ಕುರ್ಚಿಗಳು ಬಂದವು, ಮೈಕು ಬಂತು. ಬೀದಿಯ ಜನವೆಲ್ಲ ಬಂದು ಕೂತು ಪಾನಕ ಕುಡಿಯತೊಡಗಿದರು. ಇದು ಸ್ವಲ್ಪ ಜಾಸ್ತಿಯಾಯಿತೇನೋ ಎಂದು ರುದ್ರಸ್ವಾಮಿಯವರಿಗೆ ಮೊದಲ ಬಾರಿಗೆ ಅನ್ನಿಸಿತು.

ಸಿದ್ದಲಿಂಗಸ್ವಾಮಿ ಭಾವನ ಕೈಗೆ ಒಂದು ಪೆಟ್ಟಿಗೆ ಕೊಟ್ಟು, ಸೊಸೆ ನಿಶ್ಚಿತಾಗೆ ಎಂದ. ರುದ್ರಸ್ವಾಮಿಯವರು ತೆರೆದು ನೋಡಿದರು. ಒಳಗೆ ಸ್ಟೆತಾಸ್ಕೋಪು ಇತ್ತು.

ಅವರು ಅದನ್ನೇ ನೋಡುತ್ತ ನಿಂತರು. ಐದೂವರೆ ವರ್ಷ, ಮತ್ತೊಂದು ಪರೀಕ್ಷೆ, ಶಾಲು, ಪೇಟ, ಎಲ್ಲವೂ ಒಂದೊಂದಾಗಿ ತಲೆಯಲ್ಲಿ ಜೋಡಣೆಯಾದವು. ಆಗಲೇ ಬಾಮೈದನ ಕಿವಿಯಲ್ಲಿ ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಮೈದ ನಾಲ್ಕು ವರ್ಷದ ಮೇಲೆ ನಗುತ್ತಾ ನಿಂತಿದ್ದ. ಎಲ್ಲರೂ ಊಟ ಮಾಡಿ ಹೋಗಲಿ, ಆಮೇಲೆ ಪತ್ರ ಬರೆದು ತಿಳಿಸಿದರಾಯಿತು ಎಂದು ಸೂಪರಿಂಟೆಂಡೆಂಟರ ಬುದ್ಧಿ ಹೇಳಿತು. ರುದ್ರಸ್ವಾಮಿಯವರು ಹಾರಕ್ಕೆ ಕತ್ತು ಬಗ್ಗಿಸಿದರು.

ಯೋಗೇಂದ್ರ ಮೈಕಿನಲ್ಲಿ, ತನ್ನ ಟ್ಯುಟೋರಿಯಲ್ ಒಂದೇ ಬೆಂಚಿನಿಂದ ಶುರುವಾದದ್ದು ಎಂಬಲ್ಲಿಂದ ಹಿಡಿದು ನಿಶ್ಚಿತಾಳ ಸಾಧನೆಗೆ ಬರುವಷ್ಟರಲ್ಲಿ ಗೇಟಿನ ಹತ್ತಿರ ಗೂಡ್ಸ್ ಆಟೋ ನಿಂತಿತು. ಮಂಟಯ್ಯ ಇಳಿದು, ಅಷ್ಟು ಜನರ ನಡುವೆ ರುದ್ರಸ್ವಾಮಿಯವರನ್ನು ಹುಡುಕಿದ.

“ಸೀಟ್ ಬಂತು ಸಾ” ಎಂದ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಂಟಯ್ಯನ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇಂಥ ಸ್ವಾಗತ ಸಿಕ್ಕಿದ್ದು ಇದೇ ಮೊದಲು. ಹುಮ್ಮಸ್ಸಿನಿಂದ ಪೆಟ್ಟಿಗೆಯನ್ನು ಮೈಕಿನ ಮುಂದೆಯೇ ಇಳಿಸಿ, ಗಿರಾಕಿಯ ಎದುರೇ ಬಿಚ್ಚಿ ತೋರಿಸುವುದು ತನ್ನ ಪದ್ಧತಿ ಎಂದು ರಟ್ಟು ಹರಿದು, ಒಳಗಿನ ಹುಲ್ಲು ತೆಗೆದ. ಬೆಳ್ಳಗೆ, ಪಾದ ಊರಲು ಎರಡೂ ಕಡೆ ಗೀರು ಹಾಕಿದ ಅಗಲ ಅಂಚಿನ ಆಂಗ್ಲೋ ಇಂಡಿಯನ್ ಕಮೋಡು ಬಿಸಿಲಲ್ಲಿ ಹೊಳೆಯಿತು. ಮಂಟಯ್ಯ ಅದನ್ನು ಬೆರಳಿಂದ ತಟ್ಟಿದ. ಠಣ್ ಎಂದಿತು. “ಎಲ್ಲೂ ಬಿರುಕಿಲ್ಲ, ನೀವೇ ನೋಡ್ಕಳಿ” ಎಂದ.

ಮೈಕಿನಲ್ಲಿ ಯೋಗೇಂದ್ರ ಉಸಿರಾಡುವುದು ಕೇಳಿಸುತ್ತಿತ್ತು.

“ಭಾವ, ಏನಿದು?” ಎಂದ ಸಿದ್ದಲಿಂಗಸ್ವಾಮಿ.

ಪಡಸಾಲೆಯಲ್ಲಿ ಕೂತಿದ್ದ ಸೋಮಮ್ಮನವರು ಉತ್ತರಿಸಿದರು. “ಕಕ್ಕಸು ಕಣಪ್ಪ. ಬನ್ನಿಮಂಟಪದಲ್ಲಿ ನೀವು ನೋಡಿಲ್ವೇನೋ.”

ಹಾಗಾದರೆ ಸೀಟು ಎಂದು ಯಾರೋ ಹಿಂದಿನಿಂದ ಕೇಳಿದರು. ಇದೇ ಸೀಟು ಎಂದ ಮಂಟಯ್ಯ. ಹಾಗಾದರೆ ಡಾಕ್ಟರು ಎಂದು ಇನ್ನೊಬ್ಬರು ಕೇಳಿದರು. ಮಂಟಯ್ಯ ಪೆಟ್ಟಿಗೆಯೊಳಗೆ ಇನ್ನೊಮ್ಮೆ ಇಣುಕಿ ನೋಡಿದ. ಅಷ್ಟರಲ್ಲಿ ಎಲೆಗಳ ಚೀಲ ಹಿಡಿದು ನಿಶ್ಚಿತಾ ಗೇಟು ದಾಟಿ ಬಂದಳು. ಅವಳ ಮುಖ ಕೆಂಪಾಗಿತ್ತು. ಬಸ್ಸು ತಿರುಗುವ ಮೂಲೆಯಲ್ಲಿ ಯೋಗೇಂದ್ರ ಬೆಳಿಗ್ಗೆಯಷ್ಟೇ ಕಟ್ಟಿಸಿದ್ದ ಫ್ಲೆಕ್ಸನ್ನು ನೋಡಿ ಬಂದಿದ್ದಳು. ‘ಮೆಡಿಕಲ್ ಸೀಟ್ ಪಡೆದ ನಮ್ಮ ಹೆಮ್ಮೆಯ ವಿದ್ಯಾರ್ಥಿನಿ’ ಎಂಬುದರ ಕೆಳಗೆ ಅಡ್ಮಿಷನ್ ಫಾರಮ್ಮಿನ ಅವಳ ಫೋಟೋ, ಬಾಗಿಲಿನಷ್ಟು ಎತ್ತರಕ್ಕೆ, ಬೆದರಿ ನಿಂತಿತ್ತು.

ಅವಳು ಸೀದಾ ಮೈಕಿನ ಹತ್ತಿರ ಹೋದಳು. “ನನಗೆ ಮೆಡಿಕಲ್ ಸೀಟು ಸಿಕ್ಕಿಲ್ಲ. ಬಿ.ಎಸ್ಸಿ. ಸೇರಿದ್ದೀನಿ. ನನಗದು ಇಷ್ಟಾನೂ ಆಗಿದೆ” ಎಂದಳು. ಆಮೇಲೆ ಕೊರಳಲ್ಲಿ ಹಾರ, ಕೈಯಲ್ಲಿ ಸ್ಟೆತಾಸ್ಕೋಪು ಹಿಡಿದು ನಿಂತಿದ್ದ ಅಪ್ಪನ ಕಡೆ ತಿರುಗಿದಳು. ಮೈಕು ಇರುವುದನ್ನು ಮರೆತು ಮೆಲ್ಲಗೇ ಕೇಳಿದಳು. ಅದು ಎರಡು ಬೀದಿಗೆ ಕೇಳಿಸಿತು.

“ಕಕ್ಕಸು ಅನ್ನೋಕೂ ನಾಚಿಕೆ, ಬಿ.ಎಸ್ಸಿ. ಅನ್ನೋಕೂ ನಾಚಿಕೆ ಅಂದ್ರೆ, ಎರಡೂ ಒಂದೇನಾ ಅಪ್ಪ?”

ಇಪ್ಪತ್ತೆಂಟು ವರ್ಷದಲ್ಲಿ ರುದ್ರಸ್ವಾಮಿಯವರು ಎಷ್ಟೋ ಮೆಮೋಗಳಿಗೆ ಸಮಜಾಯಿಷಿ ಬರೆದವರು. ಈ ಒಂದಕ್ಕೆ ಮೊದಲ ಸಾಲೂ ಹೊಳೆಯಲಿಲ್ಲ.

ಸಭೆ ಕರಗಿತು. ಬಾಳೆಹಣ್ಣಿನ ಮರ್ಮ ಈಗ ತಿಳಿಯಿತು, ತಮ್ಮ ಮಗನ ಹೊಟ್ಟೆ ಮೊದಲಿಂದಲೂ ಚೆನ್ನಾಗಿಯೇ ಇದೆ ಎಂದು ಚಾಮುಂಡೇಶ್ವರಿ ಪಾರ್ವತಮ್ಮನಿಗೆ ಹೇಳಿ, ಮೈಸೂರು ಪಾಕಿನ ಡಬ್ಬಿ ಕೇಳಿ ಪಡೆದು ಹೋದರು. ಸಿದ್ದಲಿಂಗಸ್ವಾಮಿ ಸ್ಟೆತಾಸ್ಕೋಪನ್ನು ಪೆಟ್ಟಿಗೆಗೆ ಹಾಕಿ ಕಂಕುಳಲ್ಲಿಟ್ಟುಕೊಂಡ. ಊಟಕ್ಕಾದರೂ ನಿಲ್ಲು ಎಂದು ಅಕ್ಕ ಅಂಗಲಾಚಿದರು. ಅವನು ಬಹುಶಃ ನಿಲ್ಲುತ್ತಿದ್ದನೋ ಏನೋ, ಆದರೆ ಹದಿಮೂರು ಜನವೂ ಎರಡೆರಡು ಲೋಟ ಪಾನಕ ಕುಡಿದಿದ್ದರು. ಎದುರು ಮನೆಯ ಬಾಗಿಲು ಮುಚ್ಚಿತ್ತು, ಪಕ್ಕದ ಮನೆಯದೂ ಮುಚ್ಚಿತ್ತು. ಹೊಸ ಸೀಟು ಕೂರಿಸಿದರೂ ಸಿಮೆಂಟು ಹಿಡಿಯಲು ನಾಳೆ ಬೆಳಿಗ್ಗೆಯಾಗಬೇಕು, ಅಲ್ಲಿಯ ತನಕ ಯಾರೂ ಹತ್ತಬಾರದು ಎಂದ ಮಂಟಯ್ಯ. ಹೊರಟ ಎರಡು ಕಾರುಗಳು ಬನ್ನಿಮಂಟಪದ ದಾರಿಯನ್ನು ಅಷ್ಟು ವೇಗವಾಗಿ ಹಿಂದೆಂದೂ ಕ್ರಮಿಸಿರಲಿಲ್ಲ.

ಫ್ಲೆಕ್ಸು ಬಿಚ್ಚಿಸು ಎಂದು ರುದ್ರಸ್ವಾಮಿಯವರು ಯೋಗೇಂದ್ರನನ್ನು ಕೇಳಿಕೊಂಡರು. ತಿಂಗಳಿಗೆಂದು ಕಟ್ಟಿಸಿದ್ದು, ಬಿಚ್ಚಿದರೆ ತನ್ನ ಮಾನ ಹೋಗುತ್ತದೆ ಎಂದ ಅವನು. ತಮ್ಮ ಮಗಳ ಮಾನದ ವಿಷಯ ರುದ್ರಸ್ವಾಮಿಯವರು ಎತ್ತಿದಾಗ, ಜನ ಹತ್ತು ದಿನದಲ್ಲಿ ಮರೆಯುತ್ತಾರೆ ಸಾರ್ ಎಂದು ಧೈರ್ಯ ಹೇಳಿದ.

ಮನೆಯಲ್ಲಿ ನಿಶ್ಚಿತಾ ಹಳೆಯ ಪೇಪರಿನ ನಡುವೆ ಒಂದೊಂದೇ ಎಲೆ ಇಟ್ಟು ಒತ್ತುತ್ತಿದ್ದಳು. ರುದ್ರಸ್ವಾಮಿಯವರು ಅವಳ ಮುಂದೆ ಎರಡು ಸಲ ಹೋಗಿ ನಿಂತರು, ಎರಡು ಸಲ ಕೆಮ್ಮಿದರು. ಸಂಜೆ ಐದರ ಹೊತ್ತಿಗೆ ಮಂಟಯ್ಯನ ಏಣಿಯನ್ನು ಹೆಗಲಿಗೇರಿಸಿ, ಅರ್ಧ ಡಬ್ಬಿ ಕಪ್ಪು ಪೇಂಟೂ ಬ್ರಷ್ಷೂ ಹಿಡಿದು ಬೀದಿಯ ಮೂಲೆಗೆ ನಡೆದರು. ಬಾಗಿಲು ಮುಚ್ಚಿದ್ದ ಮನೆಗಳ ಕಿಟಕಿಗಳೆಲ್ಲ ತೆರೆದುಕೊಂಡವು.

ಫ್ಲೆಕ್ಸಿಗೆ ಏಣಿ ಒರಗಿಸಿ, ನೋಯುವ ಮಂಡಿಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ‘ಮೆಡಿಕಲ್’ ಎಂಬುದರ ಮೇಲೆ ಪೇಂಟು ಬಳಿದರು. ಅದರ ಮೇಲಿನ ಖಾಲಿ ಜಾಗದಲ್ಲಿ ‘ಬಿ.ಎಸ್ಸಿ.’ ಎಂದು ಬರೆಯತೊಡಗಿದಾಗ ಏಣಿ ಅಲುಗಾಡುವುದು ನಿಂತಿತು. ಕೆಳಗೆ ನೋಡಿದರೆ ನಿಶ್ಚಿತಾ ಹಿಡಿದು ನಿಂತಿದ್ದಳು. ಒತ್ತಕ್ಷರ ಸ್ವಲ್ಪ ಸೊಟ್ಟಗಾಯಿತು.

ದಾರಿಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು. ಚಾಲಕ ಕತ್ತು ಹೊರಹಾಕಿ, ಬೆಳಿಗ್ಗೆ ಮೆಡಿಕಲ್ ಎಂದು ಇತ್ತಲ್ಲ ಎಂದು ಕೇಳಿದ.

“ಅದು ತಪ್ಪು” ಎಂದರು ರುದ್ರಸ್ವಾಮಿ, ಎದುರು ಫುಟ್‌ಪಾತಿನವರೆಗೂ ಕೇಳುವಂತೆ. “ಇವಳು ನನ್ನ ಮಗಳು. ಬಿ.ಎಸ್ಸಿ. ಓದ್ತಿದ್ದಾಳೆ. ಮನೆಗೆ ಬಂದಿದ್ದು ಕಕ್ಕಸಿನ ಸೀಟು.”

ಚಾಲಕ ಎಂಜಿನ್ ಆಫ್ ಮಾಡಿದ. “ಯಾವ ಟೈಪು ಆಕ್ಸಿದ್ರಿ ಸಾ? ನಮ್ಮವ್ವಂಗೂ ಮಂಡಿ ನೋವು, ಕೂತ್ರೆ ಎದ್ದೇಳಕ್ಕಾಗಲ್ಲ.”

ರುದ್ರಸ್ವಾಮಿಯವರು ಏಣಿಯ ಮೇಲೆಯೇ ತಿರುಗಿದರು. ನೆಲದ ಕಕ್ಕಸಿನಿಂದ ಶುರು ಮಾಡಿದರು. ಯಾವುದರಲ್ಲಿ ಹೇಗೆ ಕೂರಬೇಕು, ಯಾರ ಮಂಡಿಗೆ ಯಾವುದು, ಆಂಗ್ಲೋ ಇಂಡಿಯನ್ ಮೇಲೆ ಕುಕ್ಕರಿಸುವಾಗ ಪಾದ ಎಲ್ಲಿಡಬೇಕು ಎಂಬುದನ್ನೆಲ್ಲ ಬ್ರಷ್ಷು ಆಡಿಸುತ್ತ ವಿವರಿಸಿದರು. ಆಟೋದ ಹಿಂದೆ ಸಿಟಿ ಬಸ್ಸು ಬಂದು ನಿಂತು ಹಾರ್ನ್ ಮಾಡಿತು. ಬೈಯಲೆಂದು ಇಳಿದು ಬಂದ ಕಂಡಕ್ಟರ್ ಒಂದು ನಿಮಿಷ ಕೇಳಿಸಿಕೊಂಡು, ತಮ್ಮ ಮನೆಯಲ್ಲಿ ಪೂರ್ತಿ ವೆಸ್ಟರ್ನ್ ಹಾಕಿಸಿ ಕೆಟ್ಟೆವು ಎಂದು ತನ್ನ ಕಷ್ಟ ತೋಡಿಕೊಂಡ. ಬಸ್ಸಿನ ಕಿಟಕಿಯಿಂದ ಹೆಂಗಸೊಬ್ಬರು ಅದನ್ನು ಖಂಡಿಸಿದರು.

“ಅಪ್ಪ, ಮೊದ್ಲು ಕೆಳಗಿಳಿ” ಎಂದಳು ನಿಶ್ಚಿತಾ, ನಗು ತಡೆಯುತ್ತ.

ರುದ್ರಸ್ವಾಮಿಯವರು ಇಳಿಯಲಿಲ್ಲ. ಫ್ಲಶ್ಶಿನ ವಿಷಯ ಇನ್ನೂ ಬಾಕಿಯಿತ್ತು.